ಉಚಿತವಾಗಿ ಕೊಟ್ಟರೆ ಹೊಣೆ ಮುಗಿಯಿತೇ?

2020ರ ತಪಸ್ಸುಕಾಲವನ್ನು ನೀವು ಮರೆತಿರಲಾರಿರಿ. ದೇವಾಲಯದ ಬಾಗಿಲು ಮುಚ್ಚಿತ್ತು. ಗರಿಗಳ ಭಾನುವಾರಕ್ಕೆ ಕೈಯಲ್ಲಿ ಗರಿಯಿರಲಿಲ್ಲ. ಬಲಿಪೂಜೆಯನ್ನು ಟಿ.ವಿ.ಯಲ್ಲೋ ಮೊಬೈಲಿನಲ್ಲೋ ನೋಡಿ ಸಮಾಧಾನಪಟ್ಟುಕೊಂಡೆವು. ಆ ದಿನಗಳಲ್ಲಿ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟು, ಹಳೆಯ ಪಂಚೆ, ಹತ್ತಿ ಸೀರೆ ಕತ್ತರಿಸಿ, ಮಾಸ್ಕ್ ಹೊಲಿದು ನೆರೆಹೊರೆಗೆ ಹಂಚಿದವರು ನಿಮ್ಮಲ್ಲಿಯೂ ಇರಬಹುದು. ಹಂಚುವಾಗ ಒಂದು ಪ್ರಶ್ನೆ ನಿಮ್ಮನ್ನು ಕಾಡಿತ್ತೇ? ಈ ಬಟ್ಟೆಯ ತುಂಡನ್ನು ನಂಬಿ ಇವರು ರೋಗಿಯ ಪಕ್ಕದಲ್ಲಿ ಕುಳಿತರೆ, ಆಗುವುದಕ್ಕೆ ನಾನು ಹೊಣೆಯೇ?

ಅದೇ ಮಾರ್ಚ್ ತಿಂಗಳಿನಲ್ಲಿ ಉತ್ತರ ಇಟಲಿಯ ಬ್ರೆಶಾ ಪ್ರಾಂತ್ಯದ ಕಿಯಾರಿ ಎಂಬ ಊರಿನ ಆಸ್ಪತ್ರೆಯಲ್ಲಿ ಒಂದು ಚಿಕ್ಕ ಪ್ಲಾಸ್ಟಿಕ್ ವಾಲ್ವ್‌ಗೆ ಬರ ಬಂತು. ರೋಗಿಯ ಉಸಿರಾಟದ ಮಾಸ್ಕಿಗೆ ಆಮ್ಲಜನಕ ಬೆರೆಸಿ ಕೊಡುವ ಭಾಗ ಅದು. ಅದಿಲ್ಲದೆ ಯಂತ್ರವಿದ್ದೂ ಇಲ್ಲದಂತೆ. ತಯಾರಕರಿಂದ ಸಕಾಲಕ್ಕೆ ಅದು ಸಿಗುವಂತಿರಲಿಲ್ಲ. ಕ್ರಿಸ್ಟಿಯನ್ ಫ್ರಕಾಸ್ಸಿ, ಅಲೆಸ್ಸಾಂಡ್ರೊ ರೊಮಾಯೊಲಿ ಎಂಬ ಇಬ್ಬರು ಎಂಜಿನಿಯರುಗಳು ಆಸ್ಪತ್ರೆಗೇ ಥ್ರೀಡಿ ಪ್ರಿಂಟರನ್ನು ಹೊತ್ತು ತಂದರು. ಮಾದರಿಯೊಂದನ್ನು ಅಳೆದು ಕೆಲವೇ ಗಂಟೆಗಳಲ್ಲಿ ಹೊಸದನ್ನು ಮಾಡಿ, ಮುಂದೆ ಸುಮಾರು ನೂರನ್ನು ಒದಗಿಸಿದರು. ಹಣ ಕೇಳಲಿಲ್ಲ.

ಬೇರೆಯವರ ವಿನ್ಯಾಸವನ್ನು ಕೇಳದೆ ನಕಲು ಮಾಡುವುದು ಏಳನೆಯ ಆಜ್ಞೆಗೆ ವಿರುದ್ಧವಲ್ಲವೇ ಎಂದು ಧರ್ಮೋಪದೇಶದ ತರಗತಿಯಲ್ಲಿ ಚೂಟಿ ಹುಡುಗನೊಬ್ಬ ಕೇಳಬಹುದು. ಕೇಳಲಿ, ಒಳ್ಳೆಯ ಪ್ರಶ್ನೆ. ಪ್ರಾಣಾಂತಿಕ ಅಗತ್ಯ ಎದುರಾದಾಗ ಇನ್ನೊಬ್ಬರ ವಸ್ತುವನ್ನು ಬಳಸಿಕೊಳ್ಳುವುದು ಕಳ್ಳತನವಾಗದು ಎಂದು ಸಂತ ತೋಮಸ್ ಅಕ್ವೀನರು 13ನೇ ಶತಮಾನದಲ್ಲಿಯೇ ವಾದಿಸಿದ್ದರು. 1992ರ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ ಅದೇ ಜಾಡಿನಲ್ಲಿ ನಡೆಯುತ್ತದೆ. ಭೂಮಿಯ ಸಂಪತ್ತು ಮೊದಲು ಸರ್ವರದ್ದು, ಆಮೇಲೆ ನಮ್ಮ ನಮ್ಮದು. ವಿನ್ಯಾಸವೂ ಹೀಗೆಯೇ ಎಂಬುದು ನನ್ನ ಅಭಿಪ್ರಾಯ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದಲ್ಲ, ಅವರು ಮುಂದೆ ಮಾಡಿದ ಕೆಲಸ. ಆ ವಾಲ್ವಿನ ನಕ್ಷೆ ಬೇಕೆಂದು ಹೊರಗಿನವರು ಕೇಳಿದಾಗ ಅವರು ಅದನ್ನು ಎಲ್ಲರಿಗೂ ಬಿಡುಗಡೆ ಮಾಡಲಿಲ್ಲ. ಅದರೊಳಗಿನ ರಂಧ್ರ ಒಂದು ಮಿಲಿಮೀಟರಿಗಿಂತಲೂ ಕಿರಿದು. ಸಿಕ್ಕ ಸಿಕ್ಕ ಯಂತ್ರದಲ್ಲಿ ಸರಿಯಾಗಿ ಮೂಡುವಂಥದ್ದಲ್ಲ. ಮೆಚ್ಚುಗೆ ಹರಿದು ಬರುತ್ತಿರುವಾಗ ಕೈ ಹಿಂದಕ್ಕೆಳೆದುಕೊಳ್ಳುವುದು ಸುಲಭವೇ?

ಮರುದಿನಗಳಲ್ಲಿ ರೆನಾಟೊ ಫವೆರೊ ಎಂಬ ನಿವೃತ್ತ ವೈದ್ಯರ ಸಲಹೆಯಂತೆ, ಸಮುದ್ರದಲ್ಲಿ ಈಜುವವರು ಮುಖಕ್ಕೆ ಹಾಕುವ ಮಾಸ್ಕನ್ನೇ ಉಸಿರಾಟದ ಮಾಸ್ಕಾಗಿ ಬದಲಿಸುವ ಜೋಡಣೆಯೊಂದನ್ನು ಅದೇ ತಂಡ ರೂಪಿಸಿತು. ಇದರ ನಕ್ಷೆಯನ್ನು ಮಾತ್ರ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟರು. ಯಾರೂ ಇದರಲ್ಲಿ ದುಡ್ಡು ಬಾಚಬಾರದೆಂದು ಪೇಟೆಂಟಿಗೂ ಅರ್ಜಿ ಹಾಕಿದರು. ಜೊತೆಗೆ ಸ್ಪಷ್ಟವಾಗಿ ಬರೆದರು: ಇದಕ್ಕೆ ಪ್ರಮಾಣಪತ್ರವಿಲ್ಲ, ಬೇರೆ ದಾರಿಯಿಲ್ಲದಾಗ ಮಾತ್ರ ಬಳಸಬೇಕು, ರೋಗಿ ಇದನ್ನು ತಿಳಿದು ಒಪ್ಪಿ ಸಹಿ ಮಾಡಬೇಕು.

ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದು ಎಂಬ ಗಾದೆಯನ್ನು ನಾವು ಬಾಯಿಪಾಠ ಮಾಡಿದ್ದೇವೆ. ಅದು ಪಡೆಯುವವನಿಗೆ ಹೇಳಿದ ಮಾತು. ಕೊಡುವವನು ಹಲ್ಲು ಎಣಿಸಿಯೇ ಕೊಡಬೇಕಷ್ಟೆ! ನಮ್ಮಲ್ಲಿ ಎಷ್ಟೋ ಸಲ ನಡೆಯುವುದು ಇದರ ತಿರುಗುಮುರುಗು. ಅವಧಿ ಮೀರಿದ ಮಾತ್ರೆ, ಹರಿದ ಸ್ವೆಟರ್, ಕಾಲು ಮುರಿದ ಕುರ್ಚಿ ಇವೆಲ್ಲ ಅನಾಥಾಶ್ರಮದ ಬಾಗಿಲಿಗೆ ಹೋಗುತ್ತವೆ. ‘ಪುಕ್ಕಟೆ ತಾನೇ’ ಎಂಬ ಒಂದು ಮಾತಿನಿಂದ ಮನಸ್ಸಾಕ್ಷಿಯ ಬಾಯಿ ಮುಚ್ಚಿಸುತ್ತೇವೆ.

ಚೆಕ್ ದೇಶದ ಜೋಸೆಫ್ ಪ್ರೂಶಾ ಥ್ರೀಡಿ ಪ್ರಿಂಟರ್ ತಯಾರಿಸುವವರು. ಅವರ ಸಂಸ್ಥೆ ಅದೇ ಮಾರ್ಚಿನಲ್ಲಿ ಮುಖದ ಮುಂದೆ ಪಾರದರ್ಶಕ ಹಾಳೆ ನಿಲ್ಲಿಸುವ ಫೇಸ್ ಶೀಲ್ಡಿನ ವಿನ್ಯಾಸವನ್ನು ಲೋಕಕ್ಕೆಲ್ಲ ಬಿಟ್ಟುಕೊಟ್ಟಿತು. ಮನೆಯ ಮೇಜಿನ ಮೇಲೆ ಅದನ್ನು ತಯಾರಿಸಿದ ಸ್ವಯಂಸೇವಕರು ಎಷ್ಟೋ ದೇಶಗಳಲ್ಲಿದ್ದರು. ಮುಂಬಯಿಯಲ್ಲಿ ಆರಂಭವಾದ ಎಂ-19 ಎಂಬ ಸ್ವಯಂಸೇವಕರ ಕೂಟವು ನಮ್ಮ ದೇಶದ 42 ಊರುಗಳಲ್ಲಿ 49 ದಿನಗಳೊಳಗೆ ಇಂಥ 10 ಲಕ್ಷ ಶೀಲ್ಡ್‌ಗಳನ್ನು ಮಾಡಿತು. ಪ್ರೂಶಾ ಅವರ ಸಂಸ್ಥೆ ಕೊಟ್ಟ ಸೂಚನೆಗಳಲ್ಲಿ ಒಂದು ನನಗೆ ಬಹಳ ಹಿಡಿಸಿತು: ಮಾಡುವವರು ತಮಗೇ ಸೋಂಕು ತಗುಲಿದೆ ಎಂದು ಭಾವಿಸಿಕೊಂಡು, ಮಾಸ್ಕ್, ಕೈಗವಸು ಧರಿಸಿ ಕೆಲಸ ಮಾಡಬೇಕು. ನಾವು ಬಲಿಪೂಜೆಯ ಆರಂಭದಲ್ಲಿ ಎದೆ ಬಡಿದುಕೊಳ್ಳುವುದು ನೆನಪಾಗಲಿಲ್ಲವೇ? ಒಳ್ಳೆಯದನ್ನು ಮಾಡಲು ಹೊರಟವನೇ ಕೇಡನ್ನು ಹೊತ್ತು ತರುವವನೂ ಆಗಿರಬಹುದು.

ಲೂಕನ ಶುಭಸಂದೇಶದ ಸಮಾರಿಯದವನನ್ನು ನೋಡಿ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಚ್ಚಿದ್ದನ್ನು ಎಲ್ಲರೂ ಹೇಳುತ್ತಾರೆ. ಆದರೆ ತನಗೆ ತಿಳಿದಷ್ಟು ಮಾಡಿದ ಮೇಲೆ ಅವನು ಗಾಯಾಳುವನ್ನು ಛತ್ರದವನ ಆರೈಕೆಗೆ ಒಪ್ಪಿಸಿದ, ಮರಳಿ ಬರುವಾಗ ಲೆಕ್ಕ ತೀರಿಸುವುದಾಗಿಯೂ ಹೇಳಿದ. ಅವನು ಮರಳಿ ಬರುವವನು. ಕೊಟ್ಟು ಕೈ ತೊಳೆದುಕೊಂಡವನಲ್ಲ.

ಇಷ್ಟಾದರೂ ಒಂದು ಮುಳ್ಳು ಉಳಿದಿದೆ, ಅದನ್ನು ನಿಮ್ಮಿಂದ ಮುಚ್ಚಿಡಲಾರೆ. ಉಸಿರಿಗಾಗಿ ಒದ್ದಾಡುತ್ತಿರುವ ಮನುಷ್ಯನ ಕೈಗೆ ಕಾಗದ, ಪೆನ್ನು ಕೊಟ್ಟು ‘ಇದಕ್ಕೆ ಪ್ರಮಾಣಪತ್ರವಿಲ್ಲ, ಒಪ್ಪುವೆಯಾ?’ ಎಂದು ಕೇಳಿದರೆ ಅವನು ಬೇರೆ ಏನು ಹೇಳಿಯಾನು? ಆ ಸಹಿಯಿಂದ ಕೊಟ್ಟವರ ಹೆಗಲು ಹಗುರವಾಗದು. ಆದರೂ ಕೇಳದೆ ಇರುವುದಕ್ಕಿಂತ ಕೇಳಿದ್ದೇ ಮೇಲೆಂದು ನನಗೆ ತೋರುತ್ತದೆ. ಕಡೇಪಕ್ಷ ಆ ಹಾಸಿಗೆಯ ಮೇಲಿದ್ದವನ ಮುಖವನ್ನು ಯಾರೋ ಒಬ್ಬರು ನೋಡಿ, ಸತ್ಯವನ್ನು ಹೇಳಿ, ಉತ್ತರಕ್ಕಾಗಿ ಒಂದು ಗಳಿಗೆ ಕಾದರಲ್ಲ!