ನೋಡುವವನ ಋಣ

ಬೇಸಿಗೆಯ ಕೊನೆಯ ದಿನಗಳು ಬಂದವೆಂದರೆ ಗೋಕುಲ ರಸ್ತೆಯ ಮೇಲಿನ ನಮ್ಮ ಮನೆಗಳಲ್ಲಿ ಒಂದು ಬಗೆಯ ಚಡಪಡಿಕೆಯು ಹುಟ್ಟುವದು. ಮಕ್ಕಳಿಗೆ ಸೂಟಿ ಇರುತ್ತದೆ. ರೋಹಿಣಿ ಮಳೆ ಕೂಡುವದಕ್ಕೆ ಇನ್ನೂ ಎರಡು ಮೂರು ವಾರ ಉಳಿದಿರುತ್ತವೆ. ಬಸ್ಸುಗಳೆಬ್ಬಿಸಿದ ಧೂಳು ಕಾರಖಾನೆಗಳ ಧೂಳಿನೊಡನೆ ಬೆರೆತು ಕಿಟಕಿಯ ಸರಳುಗಳ ಮೇಲೆ ಕೂಡ್ರುವದು. ಇಂತಹ ಹೊತ್ತಿನಲ್ಲಿ ಯಾರ ಬಾಯಿಂದಲಾದರೂ ‘ಕಾಡು’ ಎಂಬ ಶಬ್ದವು ಹೊರಟರೆ ಸಾಕು, ಮನೆಮಂದಿಯೆಲ್ಲ ಅದಕ್ಕೆ ಕಿವಿಗೊಡುವರು. ಈ ವರ್ಷ ನಮ್ಮಲ್ಲಿಯೂ ಹಾಗೆಯೇ ಆಯಿತು. ಮೂರು ದಿನದ ಮಟ್ಟಿಗೆ ಎಲ್ಲಿಯಾದರೂ ಹೋಗಿಬರಬೇಕೆಂಬ ಮಾತು ಊಟದ ಎಲೆಯ ಮುಂದೆ ಹುಟ್ಟಿ, ಕೈ ತೊಳೆಯುವದರೊಳಗಾಗಿ ದಾಂಡೇಲಿಯ ಅರಣ್ಯವೆಂದು ಗೊತ್ತಾಗಿಹೋಯಿತು. ಇಂತಹ ಮನೆವಾರ್ತೆಯನ್ನು ವಾಚಕರ ಮುಂದಿಡುವದು ಅಧಿಕಪ್ರಸಂಗವೆಂದು ತೋರಬಹುದು. ಆದರೆ ಆ ಪ್ರವಾಸದ ಏರ್ಪಾಡನ್ನು ಮಾಡುತ್ತ ಮಾಡುತ್ತ ನನ್ನೆದುರು ಬಂದು ನಿಂತ ಪ್ರಶ್ನೆಯು ಅಲ್ಪವಾದುದಲ್ಲ. ಕಾಡನ್ನು ನೋಡಹೋಗುವವನಿಗೆ ಹಾಗೆ ಹೋಗುವ ಅಧಿಕಾರವು ಎಲ್ಲಿಂದ ಬಂತು?

ನಮ್ಮೂರಿಗೆ ಉತ್ತರ ಕನ್ನಡದ ಅರಣ್ಯವು ದೂರವೇನಲ್ಲ. ಹಳಿಯಾಳದ ದಾರಿಯಿಂದ ಹೋದರೆ 70-80 ಕಿಲೋಮೀಟರುಗಳಲ್ಲಿ ದಾಂಡೇಲಿಯು ಸಿಕ್ಕುವದು. ಎರೆಯ ಬಯಲು ಹಿಂದೆ ಸರಿದು, ಭತ್ತದ ಗದ್ದೆಗಳು ಕಂಡು, ಹಳಿಯಾಳ ದಾಟಿದ ಮೇಲೆ ಸಾಗವಾನಿಯ ಮರಗಳು ದಾರಿಯ ಎರಡೂ ಬದಿಗೆ ಬಂದು ನಿಲ್ಲುವವು. ಅಲ್ಲಿಂದ ಮುಂದೆ ಕಾಳೀ ನದಿಯ ಸೀಮೆ. ಜೋಯಿಡಾ ತಾಲೂಕಿನ ಡಿಗ್ಗಿಯ ಬಳಿಯಲ್ಲಿ ಹುಟ್ಟಿ ಸುಮಾರು 184 ಕಿಲೋಮೀಟರು ಹರಿದು ಕಾರವಾರದಲ್ಲಿ ಸಮುದ್ರವನ್ನು ಕೂಡುವ ಈ ನದಿಯ ಸುತ್ತಲಿನ ಕಾಡಿನಲ್ಲಿ 1956ರಲ್ಲಿ ದಾಂಡೇಲಿಯ ಅಭಯಾರಣ್ಯವೂ, 1987ರಲ್ಲಿ ಸುಮಾರು 340 ಚದರ ಕಿಲೋಮೀಟರಿನ ಅಣಶಿ ರಾಷ್ಟ್ರೀಯ ಉದ್ಯಾನವೂ ಗೊತ್ತುಪಡಿಸಲ್ಪಟ್ಟವು. 2007ರಲ್ಲಿ ಇವೆರಡೂ ಕೂಡಿ ಹುಲಿ ಸಂರಕ್ಷಿತ ಪ್ರದೇಶವಾಗಿ, 2015ರಲ್ಲಿ ಅದಕ್ಕೆ ಕಾಳಿಯ ಹೆಸರೇ ಬಂದಿತು. ಹುಲಿ, ಕಾಡಾನೆ, ಕಾಟಿ, ಕರಿಚಿರತೆ, ನಾಲ್ಕು ಜಾತಿಯ ಮಂಗಟ್ಟೆ ಹಕ್ಕಿಗಳು: ಇಷ್ಟೂ ನಮ್ಮ ಮನೆಯಿಂದ ಎರಡು ತಾಸಿನ ಹಾದಿಯ ಆಚೆಗಿರುವವೆಂಬದು ನೆನೆದರೆ ಇಂದಿಗೂ ನನಗೆ ಬೆರಗಾಗುವದು.

ಕಾಲೇಜಿನಲ್ಲಿ ಓದುವ ನನ್ನ ಮಗನು ಮೊಬಾಯಿಲಿನ ಮೇಲೆಯೇ ಇಡೀ ಪ್ರವಾಸವನ್ನು ಮಾಡಿ ಮುಗಿಸಿದನೆಂದರೂ ಸಲ್ಲುವದು. ಮೊದಲ ದಿನ ಕುಳಗಿಯಲ್ಲಿ ವಸತಿ; ಎರಡನೆಯ ದಿನ ನಸುಕಿನಲ್ಲಿ ಪಣಸೋಲಿಯಿಂದ ಜೀಪಿನಲ್ಲಿ ಕಾಡು ಸುತ್ತುವದು; ಅಂದೇ ಸಂಜೆ ಮತ್ತೊಮ್ಮೆ ಅದೇ; ಮೂರನೆಯ ದಿನ ಸಿಂಥೇರಿಯ ಬಂಡೆ, ಕವಳೆಯ ಗುಹೆ, ಬಂದಷ್ಟು ಅಣಶಿಯ ಘಟ್ಟ. ಪ್ರತಿಯೊಂದಕ್ಕೂ ಗಂಟೆ ನಿಮಿಷಗಳು ಗೊತ್ತಾಗಿದ್ದವು. ಹುಲಿಯೊಂದಕ್ಕೆ ಮಾತ್ರ ವೇಳಾಪತ್ರಿಕೆಯನ್ನು ಕಳಿಸಿರಲಿಲ್ಲ. ಇಷ್ಟು ಬಿಸಿಲಲ್ಲೇಕೆ, ಮಳೆ ಮುಗಿದು ಹಸಿರಾದ ಮೇಲೆ ಹೋದರಾಗದೆ ಎಂದು ನಾನು ಕೇಳಿದಾಗ ಅವನು, ‘ಕಾಡು ನೋಡಲಿಕ್ಕೆ ಇದೇ ಸರಿಯಾದ ಕಾಲ, ಎಲೆಗಳೆಲ್ಲ ಉದುರಿರುತ್ತವೆ, ಹಳ್ಳಕೊಳ್ಳಗಳು ಬತ್ತಿರುತ್ತವೆ, ಉಳಿದ ನಾಲ್ಕು ಹೊಂಡಗಳಿಗೆ ಪ್ರಾಣಿಗಳು ಬಂದೇ ಬರಬೇಕು’ ಎಂದನು.

ಅವನು ಹೇಳಿದ್ದು ನಿಜವೇ. ಕಾಡಿನ ತಿಳಿವಳಿಕೆಯುಳ್ಳವರೆಲ್ಲ ಹಾಗೆಯೇ ಹೇಳುವರು. ಆದರೆ ‘ಬಂದೇ ಬರಬೇಕು’ ಎಂಬ ಆ ಮಾತು ನನ್ನ ಗಂಟಲಲ್ಲಿ ಸಿಕ್ಕಿಕೊಂಡಿತು. ಅದರ ಅರ್ಥವನ್ನು ಬಿಡಿಸಿ ನೋಡಿದರೆ, ಅವುಗಳ ನೀರಡಿಕೆಯೇ ನಮ್ಮ ಸುಯೋಗ ಎಂದಾಗುವದು. ಮಳೆಗಾಲದಲ್ಲಿ ಕಾಡು ತುಂಬಿ ತುಳುಕುತ್ತಿರುವಾಗ ಜಿಂಕೆಯು ಎಲ್ಲಿಯಾದರೂ ನೀರು ಕುಡಿದೀತು, ಎಲ್ಲಿಯಾದರೂ ಮರೆಯಾದೀತು. ಆಗ ಅದು ನಮಗೆ ಕಾಣುವ ಕಾರಣವಿಲ್ಲ. ಮರೆ ಹೋಗಿ, ನೀರು ಹೋಗಿ, ಬೇರೆ ದಾರಿಯಿಲ್ಲದಂತಾದಾಗ ಅದು ನಮ್ಮ ಕಣ್ಣೆದುರಿಗೆ ಬರುವದು. ಬರಗಾಲದಲ್ಲಿ ಅನ್ನಛತ್ರದ ಬಾಗಿಲಲ್ಲಿ ಕುಳಿತು ‘ಇಂದು ಊರಿನವರೆಲ್ಲರ ದರ್ಶನವಾಯಿತು’ ಎಂದು ಸಂತೋಷಪಡುವವನನ್ನು ನಾವು ಏನೆನ್ನುವೆವು? ಹೋಲಿಕೆಯು ತುಸು ಕಟುವಾಯಿತೆಂದು ಬಲ್ಲೆ. ನೋಡುವವನು ಬರವನ್ನು ತಂದಿಲ್ಲ. ಋತುವು ತಂದಿತು, ಋತುವೇ ಒಯ್ಯುವದು. ಹೊಂಡದ ಮರೆಯಲ್ಲಿ ಹುಲಿಯೂ ಅದೇ ಲೆಕ್ಕದಿಂದ ಕಾಯ್ದಿರುತ್ತದೆ, ಅದನ್ನು ಯಾರೂ ಅಧರ್ಮವೆನ್ನುವದಿಲ್ಲ. ಆದರೆ ಹುಲಿಗೆ ಹಸಿವೆ ಇದೆ. ನನಗಿರುವದು ಸೂಟಿ.

ಈ ಮಾತನ್ನು ನೆರೆಮನೆಯ ನಿವೃತ್ತ ಶಿಕ್ಷಕರ ಮುಂದೆ ಎತ್ತಿದಾಗ ಅವರು ಒಂದೇ ಏಟಿಗೆ ತೀರ್ಪು ಕೊಟ್ಟುಬಿಟ್ಟರು: ಹೋಗಲೇಕೂಡದು. ಕಾಡಿನ ಮೇಲೆ ಪ್ರೀತಿಯುಳ್ಳವನು ಅದನ್ನು ಅದರ ಪಾಡಿಗೆ ಬಿಡಬೇಕು. ಇದೇ ಅವರ ಪಕ್ಷ. ಹಕ್ಕಿಗಳ ವಿಷಯದಲ್ಲಿ ಬಹಳ ಓದಿದವರಾದ್ದರಿಂದ ಅವರು ಮಂಗಟ್ಟೆಯ ಉದಾಹರಣೆಯನ್ನು ಕೊಟ್ಟರು. ಆ ಹಕ್ಕಿಯ ಹೆಣ್ಣು ಬೇಸಿಗೆಯ ತಿಂಗಳುಗಳಲ್ಲಿ ದೊಡ್ಡ ಮರದ ಪೊಟರೆಯನ್ನು ಹೊಕ್ಕು, ಬಾಯಿಯನ್ನು ಒಳಗಿನಿಂದ ಮೆತ್ತಿ ಮುಚ್ಚಿ, ಕೊಕ್ಕು ತೂರುವಷ್ಟೇ ಸೀಳನ್ನು ಉಳಿಸಿಕೊಳ್ಳುವದು. ತತ್ತಿಯಿಟ್ಟು ಕಾವು ಕೊಟ್ಟು ಮರಿಗಳು ಬೆಳೆಯುವ ವಾರಗಟ್ಟಲೆ ಕಾಲದಲ್ಲಿ ಅದರ ಗರಿಗಳೂ ಉದುರಿ, ಅದು ಹಾರಲಾರದಂತಾಗುವದು. ಒಳಗಿನವರ ಅನ್ನವೆಲ್ಲ ಹೊರಗಿನ ಗಂಡಿನ ಮೇಲೆ. ಅದು ಆಲ, ಅತ್ತಿ, ಬಸರಿಗಳ ಹಣ್ಣನ್ನು ಹೊತ್ತು ತಂದು ಸೀಳಿನಲ್ಲಿ ಕೊಡಬೇಕು. ಮರದ ಬುಡದಲ್ಲಿ ಹತ್ತು ಜನ ಕ್ಯಾಮರಾ ಹಿಡಿದು ನಿಂತರೆ ಗಂಡು ಅಂಜಿ ಹತ್ತಿರ ಬಾರದೆ ದೂರದ ಕೊಂಬೆಯ ಮೇಲೆಯೇ ಕುಳಿತುಬಿಡುವದು. ‘ನಿಮ್ಮ ಒಂದು ಚಿತ್ರಕ್ಕೆ ಒಳಗಿನವರ ಒಂದು ಹೊತ್ತಿನ ಊಟ ಹೋಯಿತು. ಅವು ಯಾರ ಹತ್ತಿರ ಹೋಗಿ ತಕರಾರು ಹೇಳಬೇಕು?’ ಎಂದು ಶಿಕ್ಷಕರು ಕೇಳಿದರು.

ಇದಕ್ಕೆ ನನ್ನಲ್ಲಿ ಕೂಡಲೇ ಉತ್ತರವಿರಲಿಲ್ಲ. ಅಂದು ರಾತ್ರಿ ಪಂಖೆಯ ಕೆಳಗೆ ಮಲಗಿಕೊಂಡು, ಹಾಗಾದರೆ ಹೋಗುವದೇ ಬೇಡ, ಮನೆಯಲ್ಲಿಯೇ ನಿರ್ದೋಷಿಯಾಗಿ ಉಳಿಯೋಣ ಎಂದು ನಿಶ್ಚಯಿಸುತ್ತಿದ್ದಾಗಲೇ ಆ ಪಂಖೆಯು ನನ್ನ ನಿಶ್ಚಯವನ್ನು ಕೆಡಿಸಿತು. ಅದು ಯಾವುದರ ಬಲದಿಂದ ತಿರುಗುತ್ತಲಿದ್ದಿತು? ಕಾಳೀ ನದಿಗೆ ಗಣೇಶಗುಡಿಯಲ್ಲಿ ಕಟ್ಟಿದ ಸೂಪಾ ಅಣೆಕಟ್ಟು 101 ಮೀಟರು ಎತ್ತರದ್ದು. 1987ರಲ್ಲಿ, ಅಂದರೆ ಅಣಶಿಯು ಉದ್ಯಾನವಾದ ವರ್ಷವೇ, ಅದು ಪೂರ್ತಿಯಾಯಿತು. ಅದರ ಬುಡದಲ್ಲಿ 100 ಮೆಗಾವಾಟಿನ ವಿದ್ಯುದಾಗಾರವಿದೆ. ಅಲ್ಲಿಂದ ಬಿಟ್ಟ ನೀರು ಬೊಮ್ಮನಹಳ್ಳಿಯ ಜಲಾಶಯಕ್ಕೆ ಬಂದು ನಾಗಝರಿಯಲ್ಲಿ ಮತ್ತೆ ಯಂತ್ರಗಳನ್ನು ತಿರುಗಿಸುವದು. ಅದರ ಕೆಳಗೆ ಕೊಡಸಳ್ಳಿ, ಅದರ ಕೆಳಗೆ ಕದ್ರಾ. ಅನೇಕ ಮೂಲಗಳ ವಿದ್ಯುತ್ತು ಒಂದೇ ಜಾಲದಲ್ಲಿ ಬೆರೆಯುವದರಿಂದ ನನ್ನ ಪಂಖೆಗೆ ಬಂದದ್ದು ಕಾಳಿಯದೇ ಎಂದು ಬೊಟ್ಟುಮಾಡಿ ಹೇಳಲಾಗದಿದ್ದರೂ, ಅದರಲ್ಲಿ ಕಾಳಿಯದು ಇಲ್ಲವೆಂದು ಹೇಳುವದಂತೂ ಸಾಧ್ಯವಿಲ್ಲ. ಗಣೇಶಗುಡಿಯ ಕೆಳಗೆ ರಬ್ಬರಿನ ದೋಣಿಯಲ್ಲಿ ಕುಳಿತು ರಭಸದ ನೀರಿನಲ್ಲಿ ತೇಲುವ ಆಟಕ್ಕೆ ದೂರದೂರದಿಂದ ತರುಣರು ಬರುವರಷ್ಟೆ. ಬೇಸಿಗೆಯಲ್ಲಿ ಆ ರಭಸವು ನದಿಯದಲ್ಲ, ವಿದ್ಯುದಾಗಾರದ್ದು. ಪಟ್ಟಣಗಳಲ್ಲಿ ಪಂಖೆಗಳು ತಿರುಗುವ ಹೊತ್ತಿಗೆ ಅಲ್ಲಿ ನೀರು ಬಿಡುವರು, ಬಿಟ್ಟಾಗ ನದಿಗೆ ಆವೇಶ ಬರುವದು.

ಪಂಖೆಯಿಂದ ಕಣ್ಣು ಕಪಾಟಿಗೆ ಹೋಯಿತು. ದಾಂಡೇಲಿಯ ಕಾಗದದ ಗಿರಣಿಯು 1955ರಲ್ಲಿ ಸ್ಥಾಪಿತವಾದದ್ದು, ಆ ಕಾಡುಗಳ ಬಿದಿರನ್ನು ನಂಬಿ. ನಮ್ಮ ತಲೆಮಾರಿನವರು ಅಕ್ಷರ ತಿದ್ದಿದ ಪಾಟಿಯನ್ನು ಬಿಟ್ಟು ವಹಿಗೆ ಬಂದಾಗ ಎಷ್ಟು ಬಿದಿರಮೆಳೆಗಳನ್ನು ಬರೆದು ತೀರಿಸಿದೆವೋ! ಖಾಂಡವವನವು ಉರಿದ ಬಳಿಕ ಆ ಉರಿಯಿಂದ ಪಾರಾದ ಮಯನೇ ಪಾಂಡವರಿಗೆ ಸಭಾಮಂದಿರವನ್ನು ಕಟ್ಟಿಕೊಟ್ಟನಂತೆ. ಆ ಸಭೆಯಲ್ಲಿ ಕುಳಿತವನೊಬ್ಬನು ‘ನಾನು ಕಾಡಿನ ಕಡೆ ಕಾಲಿಟ್ಟವನಲ್ಲ, ಆದಕಾರಣ ನಾನು ಶುದ್ಧ’ ಎಂದರೆ ಏನು ಹೇಳೋಣ? ನಮ್ಮ ಶಿಕ್ಷಕರ ಪಕ್ಷಕ್ಕೆ ನನ್ನ ಆಕ್ಷೇಪವು ಇಷ್ಟೇ. ಅವರ ಧರ್ಮವು ಕಾಡಿಗೆ ಹೋಗದವನನ್ನು ಬಿಡುಗಡೆ ಮಾಡಿಬಿಡುವದು. ಆದರೆ ಹೋಗದವನೂ ಹೋಗಿಯೇ ಇದ್ದಾನೆ, ತಂತಿಯ ಮೂಲಕ, ಕಾಗದದ ಮೂಲಕ. ಹೋಗಿ ನೋಡಿದವನಿಗೆ ತನ್ನ ಸಾಲದ ಲೆಕ್ಕವಾದರೂ ತಿಳಿದೀತು.

‘ಉದ್ಯಾನ’ ಎಂಬ ಶಬ್ದದ ವಿಷಯವಾಗಿ ಇಲ್ಲಿಯೇ ಒಂದು ಮಾತು. ಅಮೆರಿಕದವರು 1872ರಲ್ಲಿ ಯಲೋಸ್ಟೋನನ್ನು ಗೊತ್ತುಪಡಿಸಿದಾಗ ಹುಟ್ಟಿದ ಈ ಕಲ್ಪನೆಯು ನಮ್ಮ ದೇಶಕ್ಕೆ 1936ರಲ್ಲಿ ಹಿಮಾಲಯದ ತಪ್ಪಲಿಗೆ ಬಂದು (ಇಂದಿನ ಕಾರ್ಬೆಟ್ ಉದ್ಯಾನವೇ ಅದು) 1972ರ ಕಾಯಿದೆಯಿಂದ ಗಟ್ಟಿಯಾಯಿತು. ಒಳ್ಳೆಯ ಕಾಯಿದೆ, ಅದಿಲ್ಲದಿದ್ದರೆ ನಮ್ಮ ಮಗನಿಗೆ ವೇಳಾಪತ್ರಿಕೆ ಹಾಕುವ ಕೆಲಸವೇ ಉಳಿಯುತ್ತಿರಲಿಲ್ಲ. ಆದರೆ ಉದ್ಯಾನವೆಂದರೆ ಒಬ್ಬ ಮಾಲಿಯು ನೀರುಣಿಸಿ ಬೆಳೆಸಿದ್ದು, ಒಡೆಯನು ಸಂಜೆಗೆ ಅಡ್ಡಾಡಲು ಬರುವಂಥದು. ಕಾಯಿದೆಯ ಪ್ರಕಾರ ರಾಷ್ಟ್ರೀಯ ಉದ್ಯಾನದಲ್ಲಿ ದನ ಮೇಯಿಸುವದು ಸಲ್ಲದು, ನೆಲದ ಮೇಲಿನ ಹಳೆಯ ಹಕ್ಕುಗಳು ನಿಲ್ಲಲಾರವು. ನೋಡಲು ಬಂದವನಿಗೆ ಮಾತ್ರ ಚೀಟಿ ಸಿಕ್ಕುವದು. ಜೋಯಿಡಾದ ಕಾಡಿನಲ್ಲಿ ಗೆಡ್ಡೆಗೆಣಸು ಬೆಳೆದು ಬಾಳುತ್ತ ಬಂದ ಕುಣಬಿಯರೂ, ಎಮ್ಮೆ ಕಟ್ಟಿಕೊಂಡ ಗೌಳಿಗರೂ ಇರುವರು. ಇದ್ದವನು ಹೊರಡಬೇಕು, ಬಂದುಹೋಗುವವನು ಬರಬಹುದು ಎಂಬ ಈ ಏರ್ಪಾಡಿನಲ್ಲಿ ಹುಲಿಯ ಹಿತವಿದೆಯೆಂಬದನ್ನು ನಾನು ಒಪ್ಪುವೆನು. ಆದರೂ ಬಂದುಹೋಗುವವನು ಆ ಚೀಟಿಯನ್ನು ಕೊಳ್ಳುವಾಗ ತುಸು ತಲೆ ತಗ್ಗಿಸಿದರೆ ತಪ್ಪಾಗಲಾರದು.

ಇಷ್ಟೆಲ್ಲ ತರ್ಕ ನಡೆಯುತ್ತಿರುವಾಗ ಒಬ್ಬರು ಮಾತ್ರ ಸುಮ್ಮನಿದ್ದರು. ನಮ್ಮ ಅತ್ತೆಯವರ, ಎಂದರೆ ನನ್ನ ಹೆಂಡತಿಯ ತಾಯಿಯವರ ತವರುಮನೆಯು ಹಳೆಯ ಸೂಪಾ ಊರಿನಲ್ಲಿದ್ದಿತು. ಆ ಊರು ಈಗ ಜಲಾಶಯದ ಅಡಿಯಲ್ಲಿದೆ. ತಾಲೂಕಿನ ಕಚೇರಿಗಳು ಜೋಯಿಡಾಕ್ಕೆ ಹೋದವು, ಬಹಳ ಜನ ರಾಮನಗರಕ್ಕೆ ಹೋಗಿ ನೆಲೆಸಿದರು. ಅವರ ಅಣ್ಣಂದಿರು ಮನೆಯ ಬಾಗಿಲ ಚೌಕಟ್ಟನ್ನು ಬಿಚ್ಚಿಕೊಂಡು ಹೊರಟ ವರ್ಷ ಇವರು ಹುಬ್ಬಳ್ಳಿಯಲ್ಲಿ ಬಾಣಂತಿ, ಹೋಗಿ ನೋಡಲಾಗಲಿಲ್ಲ. ಆ ಮೇಲೆ ಇಂದಿನವರೆಗೂ ಆ ಕಡೆಗೆ ಹೋದವರಲ್ಲ. ನಮ್ಮ ಮಗನ ಪಟ್ಟಿಯಲ್ಲಿ ಸೂಪಾದ ಹೆಸರಿರಲಿಲ್ಲ. ನೋಡುವಂಥದು ಅಲ್ಲೇನೂ ಇಲ್ಲವೆಂದು, ಮೇಲಾಗಿ ಅಣೆಕಟ್ಟಿಗೆ ಹೋಗಲು ಅಪ್ಪಣೆ ಪಡೆಯಬೇಕಾಗುವದೆಂದು ಅವನು ಅದನ್ನು ಬಿಟ್ಟಿದ್ದನು. ನಾಲ್ಕನೆಯ ದಿನ ಅವರಾಗಿಯೇ ನನ್ನನ್ನು ಕರೆದು, ‘ನೀರಿನ ದಂಡಿಗೆ ಒಂದು ತಾಸು ಕೂತು ಬರಲಿಕ್ಕೆ ಆಗ್ತದೇನು?’ ಎಂದು ಕೇಳಿದರು. ಅಲ್ಲಿ ಕಾಣುವದು ಬರೀ ನೀರು, ನಿಮಗೆ ಸುಮ್ಮನೆ ಸಂಕಟವಾದೀತು ಎಂದು ನಾನು ಅಂದೆ. ಅದಕ್ಕವರು, ‘ನೋಡಲಿಕ್ಕೆ ಯಾರು ಹೊಂಟಾರ? ನೀರಿನ ಕೆಳಗಿಂದು ನನಗ ಇಲ್ಲೇ ಕಾಣ್ತದ’ ಎಂದರು.

ನಮ್ಮ ಶಿಕ್ಷಕರಿಗೂ ನನಗೂ ನಡೆದ ವಾದವು ಒಮ್ಮೆಲೇ ಸಣ್ಣದಾಗಿ ಕಂಡಿತು. ನಾವಿಬ್ಬರೂ ನೋಡುವವರ ಹಕ್ಕು ಬಾಧ್ಯತೆಗಳನ್ನು ಕುರಿತು ಮಾತಾಡುತ್ತಿದ್ದೆವು. ನಮ್ಮ ಲೆಕ್ಕದ ಪುಸ್ತಕದಲ್ಲಿ ಸಾಲಗಾರರಷ್ಟೇ ಇದ್ದರು. ಸಾಲ ಕೊಟ್ಟವರೊಬ್ಬರು ಒಳಮನೆಯಲ್ಲಿಯೇ ಇದ್ದುದು ನೆನಪಿಗೆ ಬಂದಿರಲಿಲ್ಲ. ಅವರ ಊರನ್ನು ತೆತ್ತು ಬಂದ ಬೆಳಕಿನಲ್ಲಿಯೇ ನನ್ನ ಮಗನು ಪ್ರವಾಸದ ಪಟ್ಟಿ ಮಾಡಿದ್ದನು.

ಕಾಳಿದಾಸನ ದುಷ್ಯಂತನು ಬೇಟೆಯ ಭರದಲ್ಲಿ ಆಶ್ರಮದ ಜಿಂಕೆಯ ಬೆನ್ನು ಹತ್ತಿ ಬಂದವನು, ತಾಪಸರು ತಡೆದ ಕೂಡಲೇ ಬಾಣವನ್ನು ಹಿಂದಕ್ಕೆ ತೆಗೆದುಕೊಂಡು, ಆಭರಣಗಳನ್ನೂ ಬಿಲ್ಲನ್ನೂ ಸಾರಥಿಯ ಕೈಗಿತ್ತು, ಕಾಲ್ನಡಿಗೆಯಿಂದ ತಪೋವನವನ್ನು ಹೊಗುವನು. ಚುರಮರಿ ಶೇಷಗಿರಿರಾಯರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಕನ್ನಡಿಸಿದ ಆ ನಾಟಕವನ್ನು ಓದಿದಾಗಲೆಲ್ಲ ನಾನು ಶಕುಂತಲೆಯನ್ನು ಕಾಣುವ ಆತುರದಲ್ಲಿ ಈ ಸಣ್ಣ ಸಂಗತಿಯನ್ನು ದಾಟಿ ಹೋಗಿದ್ದೆನು. ರಾಜನಿಗೆ ಒಳಗೆ ಬರಬೇಡವೆಂದು ಯಾರೂ ಹೇಳಲಿಲ್ಲ. ಬರುವ ರೀತಿ ಮಾತ್ರ ಬೇರೆಯಾಯಿತು. ನಮ್ಮ ಬಿಲ್ಲು ಯಾವುದು, ಆಭರಣ ಯಾವುದು? ‘ಇಂತಿಷ್ಟು ಹಣ ಕೊಟ್ಟಿದ್ದೇನೆ, ಇಂತಿಂಥದು ಕಾಣಲೇಬೇಕು’ ಎಂಬ ಹಟವೇ ಇದ್ದೀತೆಂದು ನನ್ನ ಊಹೆ. ಜೀಪನ್ನು ಇನ್ನೂ ಒಳಗೆ ಬಿಡೆಂದು ಚಾಲಕನನ್ನು ಪೀಡಿಸುವದು, ಪೊಟರೆಯ ಕೆಳಗೆ ಇನ್ನೂ ಒಂದು ಗಳಿಗೆ ನಿಲ್ಲುವದು, ಎಲ್ಲಕ್ಕೂ ಆ ಹಟವೇ ಬೇರು. ಏನೂ ಕಾಣದೆ ಹಿಂದಿರುಗಿದರೂ ಮೋಸವಾಯಿತೆನ್ನದವನು ಕಾಡಿಗೆ ಅಷ್ಟೊಂದು ಭಾರವಾಗಲಾರನು.

ಈ ಮಾತನ್ನು ಮಗನಿಗೆ ಹೇಳಿದಾಗ ಅವನು ಬಹಳ ಹೊತ್ತು ಒಪ್ಪಲಿಲ್ಲ; ಏನೂ ಕಾಣದಿರುವದಕ್ಕೆ ಹಣವೇಕೆ ಕೊಡಬೇಕೆಂದು ಕೇಳಿದನು. ತರುಣನ ಪ್ರಶ್ನೆಯಲ್ಲಿ ನ್ಯಾಯವಿದೆ. ಕಡೆಗೆ ರಾಜಿಯಾಯಿತು. ನಸುಕಿನ ಸುತ್ತಾಟ ಒಂದು ಉಳಿಯಿತು, ಸಂಜೆಯದು ಹೋಯಿತು. ಗೂಡಿರುವ ಮರಗಳ ಹತ್ತಿರ ಹೋಗುವದಿಲ್ಲವೆಂದು ಅವನೇ ಶಿಕ್ಷಕರಿಗೆ ಮಾತು ಕೊಟ್ಟು ಬಂದನು. ಅವರು ಸಂತೋಷಪಟ್ಟು ತಮ್ಮ ಹಳೆಯ ದುರ್ಬೀನನ್ನು ಕೊಟ್ಟು ಕಳಿಸಿದರು. ಮೂರನೆಯ ದಿನದ ಕೋಷ್ಟಕದಲ್ಲಿ ಬಂಡೆ ಗುಹೆಗಳನ್ನು ಹೊಡೆದುಹಾಕಿ ಬರೆಯಲು ಏನಿದೆಯೆಂದು ಕೇಳಿದನು. ಸೂಪಾ ಎಂದಿಷ್ಟೇ ಬರೆ, ಗಂಟೆ ಹಾಕಬೇಡ ಎಂದೆ.

ಬೇಸಿಗೆಯ ಕೊನೆಯೇ ಸರಿಯಾದ ಕಾಲವೆಂದು ಈಗ ಅತ್ತೆಯವರೂ ಹೇಳುತ್ತಿರುವರು. ಜಲಾಶಯದ ನೀರು ವರ್ಷದಲ್ಲಿಯೇ ಎಲ್ಲಕ್ಕಿಂತ ಕೆಳಗೆ ಇಳಿದಿರುವ ದಿನಗಳಿವು. ದಂಡೆಯ ನೆಲ ಅಷ್ಟಿಷ್ಟು ಹೊರಗೆ ಬಿದ್ದಿರುವದು. ಅಲ್ಲಿ ಕೆಸರಿರಬಹುದೆಂದು ಹಳೆಯ ಚಪ್ಪಲಿಯ ಉಂಗುಷ್ಠವನ್ನು ಹೊಲಿಸಿ ತರಲು ನಿನ್ನೆ ಮೊಮ್ಮಗನ ಕೈಯಲ್ಲಿ ಕೊಟ್ಟಿದ್ದಾರೆ.