ಹಿತ್ತಲ ಹಸಿರು ಮತ್ತು ಹೃದಯದ ನೆಮ್ಮದಿ

ಹೃದಯದ ನೆಮ್ಮದಿಯನ್ನು ಪವಿತ್ರ ಕುರ್‌ಆನ್ ಅಲ್ಲಾಹನ ಸ್ಮರಣೆಯೊಂದಿಗೆ ಜೋಡಿಸಿದೆ. ಹಾಗಾದರೆ, ಹಿತ್ತಲಿನ ಗಿಡಗಳ ನಡುವೆ ಒಂದು ಗಳಿಗೆ ದುಡಿದರೆ ಮನಸ್ಸು ಹಗುರವಾಗುತ್ತದೆ ಎನ್ನುವವರ ಅನುಭವ ಎಂತಹುದು? ಅದು ದುಃಖವನ್ನು ಮರೆಯುವ ಉಪಾಯ ಮಾತ್ರವೇ? ಅಥವಾ ಆ ಕೆಲಸವೂ ಸ್ಮರಣೆಯ ಒಂದು ದಾರಿಯಾಗಬಲ್ಲುದೇ?

ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ಮನೆಗಳಿಗೆ ಈ ಪ್ರಶ್ನೆ ದೂರದ್ದಲ್ಲ. ಗಂಗೊಳ್ಳಿ, ಶಿರೂರು, ಹೂಡೆಯಂತಹ ಊರುಗಳ ಅನೇಕ ಗಂಡಸರು ದುಡಿಮೆಗಾಗಿ ಗಲ್ಫ್ ರಾಷ್ಟ್ರಗಳಲ್ಲಿದ್ದಾರೆ. ಇಲ್ಲಿ ಪತ್ನಿ, ವೃದ್ಧ ತಂದೆತಾಯಿ ಅವರ ರಜೆಯ ದಿನಗಳನ್ನೇ ಎಣಿಸುತ್ತಾರೆ. ಇನ್ನು ಪತಿಯನ್ನು ಕಳೆದುಕೊಂಡ, ಗರ್ಭಿಣಿಯಲ್ಲದ ಸ್ತ್ರೀಗೆ ಇದ್ದತ್‌ನ ಅವಧಿ 4 ತಿಂಗಳು 10 ದಿನ. ಒಂದು ಮಳೆಗಾಲದಷ್ಟು ದೀರ್ಘವಾದ ಆ ದಿನಗಳನ್ನು ಅವಳು ಮನೆಯಲ್ಲಿಯೇ ಕಳೆಯಬೇಕು. ಸಂತೈಸಲು ಬಂದವರು ಕೆಲವೇ ದಿನಗಳಲ್ಲಿ ತಮ್ಮ ತಮ್ಮ ಮನೆಗೆ ಮರಳುತ್ತಾರೆ. ಆಮೇಲೆ ಅವಳ ಪಾಲಿಗೆ ಉಳಿಯುವುದು ನಾಲ್ಕು ಗೋಡೆ ಮತ್ತು ಮನೆಯ ಹಿತ್ತಲು.

ಆ ಹಿತ್ತಲನ್ನು ಒಮ್ಮೆ ನೋಡಿರಿ. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ನಾವು ಬಿತ್ತಿದ್ದಕ್ಕಿಂತ ಬಿತ್ತದೆ ಬಂದದ್ದೇ ಹೆಚ್ಚು. ಬಾವಿಕಟ್ಟೆಯ ಬಳಿ ಒಂದೆಲಗ, ಅಂಗಳದ ಅಂಚಿನಲ್ಲಿ ಚಗಟೆ, ಹಲಸಿನ ಮರದ ಕವಲಿನಲ್ಲಿ ಮರಕೆಸು, ಬೇಲಿಯಲ್ಲಿ ಕೇಪಳ. ಬಸಳೆಗೆ ಚಪ್ಪರ ಹಾಕುವುದು ನಮ್ಮ ಕೆಲಸ. ಅದರ ಕುಡಿಯನ್ನು ಚಿಗುರಿಸುವುದು ನಮ್ಮಿಂದಾಗದು. ಬಿತ್ತುವ ಮನುಷ್ಯನಿಗೆ, ನಿಜವಾಗಿ ಬೆಳೆಸುವವನು ಯಾರೆಂದು ಯೋಚಿಸುವಂತೆ ಸೂರಃ ಅಲ್ ವಾಕಿಅಃ ಕರೆ ಕೊಡುತ್ತದೆ. ಸಾಲುಗಟ್ಟಿ ನಿಲ್ಲಿಸಿದ ಕುಂಡಗಳಿಗಿಂತ, ತುಸು ಕಾಡುಕಾಡಾಗಿರುವ ಹಿತ್ತಲು ಈ ಪಾಠವನ್ನು ಚೆನ್ನಾಗಿ ಕಲಿಸುತ್ತದೆ. ನಾವು ಬಯಸದೆ ನಮ್ಮ ಮೇಲೆ ಬಂದೆರಗಿದ್ದೇ ದುಃಖ. ಆದರೆ ಬಯಸದೆ ಬಂದ ಒಳಿತೂ ನಮ್ಮ ಸುತ್ತ ಎಷ್ಟೋ ಇದೆ ಎಂಬುದನ್ನು ಹಿತ್ತಲು ಕಣ್ಣಿಗೆ ತೋರಿಸುತ್ತದೆ. ಪ್ರಯತ್ನ ನಮ್ಮದು, ಫಲ ಅಲ್ಲಾಹನದು ಎಂಬ ತವಕ್ಕುಲ್ ಅಲ್ಲಿ ನಾಲಿಗೆಯಿಂದ ಕೈಗೆ ಇಳಿಯುತ್ತದೆ.

12ನೇ ಶತಮಾನದ ಸ್ಪೇನಿನ ಮುಸ್ಲಿಮ್ ತತ್ವಜ್ಞಾನಿ ಇಬ್ನ್ ತುಫೈಲ್ (ಮರಣ 1185) 'ಹಯ್ಯ್ ಇಬ್ನ್ ಯಕ್‌ಝಾನ್' ಎಂಬ ಕಥೆಯಲ್ಲಿ ಇದನ್ನು ಇನ್ನಷ್ಟು ಆಳಕ್ಕೆ ಒಯ್ದಿದ್ದಾನೆ. ಜನರಿಲ್ಲದ ದ್ವೀಪದಲ್ಲಿ ಒಂದು ಜಿಂಕೆ ಹಯ್ಯ್ ಎಂಬ ಮಗುವನ್ನು ಹಾಲುಣಿಸಿ ಸಾಕುತ್ತದೆ. ಅದು ಸತ್ತಾಗ ಉಂಟಾದ ಸಂಕಟವೇ ಅವನನ್ನು ಸತ್ಯದ ಶೋಧನೆಗೆ ಹಚ್ಚುತ್ತದೆ. ಕೊನೆಗೆ ಸೃಷ್ಟಿಕರ್ತನನ್ನು ಅರಿತ ಹಯ್ಯ್ ತನ್ನ ಮೇಲೆ ಹಾಕಿಕೊಂಡ ನಿಯಮಗಳಲ್ಲೊಂದು ಸಸ್ಯಗಳ ಸೇವೆ. ಬಿಸಿಲಿಗೆ ಅಡ್ಡವಾದುದನ್ನು ಸರಿಸುವುದು, ಉಸಿರುಗಟ್ಟಿಸುವ ಬಳ್ಳಿಯನ್ನು ಬಿಡಿಸುವುದು, ಬಾಡಿದ್ದಕ್ಕೆ ನೀರುಣಿಸುವುದು, ಹಣ್ಣು ತಿಂದರೆ ಬೀಜವನ್ನು ಮೊಳೆಯುವಂತಹ ಮಣ್ಣಿಗೆ ಒಪ್ಪಿಸುವುದು. ಗಮನಿಸಿರಿ: ಅವನು ತನ್ನ ನೋವನ್ನೇ ಸವರುತ್ತಾ ಕೂರಲಿಲ್ಲ. ತನ್ನನ್ನು ಅವಲಂಬಿಸಿದ ಜೀವದ ಅಗತ್ಯವನ್ನು ಕೇಳಿಸಿಕೊಂಡನು. ದುಃಖ ಮನುಷ್ಯನನ್ನು ತನ್ನೊಳಗೇ ಮುದುಡಿಸುತ್ತದೆ. ಸೇವೆ ಅವನನ್ನು ಹೊರಗೆ ಕರೆಯುತ್ತದೆ. ಹಿತ್ತಲಿನಲ್ಲಿ ಗಾಯ ಮಾಯುವ ಗುಟ್ಟು ಇದೇ ಆಗಿದೆ.

ಶುಚಿತ್ವವನ್ನು ಈಮಾನಿನೊಂದಿಗೆ ಸೇರಿಸಿದ ಧರ್ಮದಲ್ಲಿ ಕಾಡು ಬೆಳೆಸುವುದು ಸರಿಯೇ ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಬೆಳೆದ ಗಿಡ ಹೊಲಸಲ್ಲ. ಸೊಳ್ಳೆ ಮೊಟ್ಟೆಯಿಡುವುದು ನಾವು ಎಸೆದ ಗೆರಟೆ, ಟಯರು, ಪ್ಲಾಸ್ಟಿಕ್ ಡಬ್ಬಗಳಲ್ಲಿ ನಿಂತ ನೀರಿನಲ್ಲಿ. ಅವನ್ನು ಬರಿದು ಮಾಡೋಣ. ಹಾವಿನ ಭಯವಿರುವುದರಿಂದ ಬಾಗಿಲು, ಬಾವಿ, ನಡೆದಾಡುವ ದಾರಿಗಳ ಸುತ್ತ ಹುಲ್ಲು ಸವರೋಣ. ಉಳಿದ ಒಂದು ಮೂಲೆಯನ್ನಾದರೂ ಹಕ್ಕಿಗೆ, ಚಿಟ್ಟೆಗೆ ಬಿಟ್ಟುಕೊಡೋಣ. ನೆಲದ ಮೇಲಿನ ಜೀವಿಗಳೂ ಹಾರುವ ಹಕ್ಕಿಗಳೂ ನಮ್ಮಂತಹ ಸಮುದಾಯಗಳೆಂದು ಕುರ್‌ಆನ್ ಪರಿಗಣಿಸಿದೆಯಲ್ಲವೇ?

ಇಂದು ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸುವುದು ಅಂತಸ್ತಿನ ಗುರುತಾಗಿದೆ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುವ ನಾಡಿನಲ್ಲಿ ನೀರು ಬಾವಿಗೆ ಇಂಗದೆ ರಸ್ತೆಗೆ ಹರಿಯುತ್ತದೆ. ಅದರ ಜೊತೆಗೆ, ಮನೆಯ ಹೆಂಗಸರು ಮತ್ತು ಹಿರಿಯರು ಎದೆಯ ಭಾರ ಇಳಿಸುವ ಒಂದು ತಾಣವೂ ಮುಚ್ಚಿಹೋಗುತ್ತದೆ. ಮನೆ ಕಟ್ಟಿಸುವಾಗ ಈ ನಷ್ಟವನ್ನು ಲೆಕ್ಕಕ್ಕೆ ಹಿಡಿಯುವವರು ಎಷ್ಟು ಮಂದಿ?

ಒಂದು ಎಚ್ಚರಿಕೆ ಅಗತ್ಯ. ಹಿತ್ತಲು ನಮಾಝಿಗೆ ಬದಲಿಯಲ್ಲ, ವೈದ್ಯರಿಗೂ ಬದಲಿಯಲ್ಲ. ನಿದ್ದೆ, ಊಟ ಬಿಟ್ಟು ಬದುಕೇ ಬೇಡವೆನ್ನುವ ಸ್ಥಿತಿಯಲ್ಲಿರುವವರನ್ನು ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಚಿಕಿತ್ಸೆ ಪಡೆಯುವಂತೆ ಪ್ರವಾದಿವರ್ಯರೇ(ಸ) ಬೋಧಿಸಿದ್ದಾರೆ.

ನೆಟ್ಟ ಗಿಡದಿಂದ ಹಕ್ಕಿಯೋ ಪ್ರಾಣಿಯೋ ಮನುಷ್ಯನೋ ತಿಂದರೆ ನೆಟ್ಟವನಿಗೆ ದಾನದ ಪುಣ್ಯವಿದೆ ಎಂದೂ ಅವರು(ಸ) ಕಲಿಸಿದ್ದಾರೆ. ನೊಂದವರಿಗೆ ಇದಕ್ಕಿಂತ ದೊಡ್ಡ ಸಾಂತ್ವನ ಯಾವುದು? ತನ್ನಿಂದ ಇನ್ನೇನೂ ಆಗದು ಎಂದುಕೊಂಡವಳು ಹಾಕಿದ ಒಂದು ಪಪ್ಪಾಯಿ ಬೀಜದಿಂದ, ನಾಳೆ ಪಿಕಳಾರ ಹಕ್ಕಿಯೊಂದು ಹೊಟ್ಟೆ ತುಂಬಿಸಿಕೊಳ್ಳುತ್ತದೆ. ಅವಳ ಕರ್ಮಪತ್ರದಲ್ಲಿ ಅದೂ ದಾಖಲಾಗುತ್ತದೆ.