ಮುರಿದ ವ್ಯಾಪಾರದ ನಷ್ಟ ಯಾರ ಪಾಲಿಗೆ?



ತೆಗೆದುಕೊಂಡ ಸಾಲವನ್ನು ತೀರಿಸಬೇಕೆಂಬುದು ನಮ್ಮ ಹಿರಿಯರು ಹಾಕಿಕೊಟ್ಟ ನಡೆ. ತಂದೆಯ ಉದ್ರಿಯನ್ನು ಮಗ ತೀರಿಸಿದ, ಹೊಲ ಮಾರಿ ಅಂಗಡಿಯ ಬಾಕಿ ಕೊಟ್ಟ ಎಂಬ ಮಾತುಗಳನ್ನು ಅಕ್ಕಲಕೋಟೆ, ಜತ್ತ, ಸೊಲ್ಲಾಪುರ ಸೀಮೆಯ ಊರುಗಳಲ್ಲಿ ಇಂದಿಗೂ ಗೌರವದಿಂದ ಹೇಳುತ್ತಾರೆ. ಈ ಸಂಸ್ಕಾರದಲ್ಲಿ ಬೆಳೆದವರಿಗೆ ಇತ್ತೀಚಿನ ವರ್ಷಗಳ ಕೆಲವು ಸುದ್ದಿಗಳನ್ನು ಓದಿದಾಗ ಮನಸ್ಸು ಕಲಕುವುದು ಸಹಜ. ಒಂದು ಕಂಪನಿ ಸಾವಿರಾರು ಕೋಟಿ ರೂಪಾಯಿ ಸಾಲ ತೀರಿಸಲಾರದೆ ನ್ಯಾಯಮಂಡಳಿಯ ಮುಂದೆ ಬರುತ್ತದೆ. ಸಾಲದ ಒಂದು ಭಾಗವನ್ನು ಬಿಟ್ಟುಕೊಡಲಾಗುತ್ತದೆ. ಅದೇ ಕಂಪನಿ ಹೊಸ ಮಾಲೀಕರ ಕೈಯಲ್ಲಿ ಮತ್ತೆ ನಡೆಯತೊಡಗುತ್ತದೆ. ಇದು ಧರ್ಮವೇ ಎಂದು ಅನೇಕರು ಕೇಳುತ್ತಾರೆ. ವಾಣಿಜ್ಯ ಓದಿದವನೆಂಬ ಕಾರಣಕ್ಕೆ ಈ ಪ್ರಶ್ನೆ ನನ್ನ ಬಳಿಗೂ ಬರುವುದರಿಂದ, ತಿಳಿದಷ್ಟನ್ನು ಇಲ್ಲಿ ಹೇಳುವೆ.

ಮೊದಲು ಕಾನೂನಿನ ಸ್ವರೂಪವನ್ನು ನೋಡೋಣ. 1985ರಲ್ಲಿ ರೋಗಗ್ರಸ್ತ ಕೈಗಾರಿಕೆಗಳಿಗೆಂದು ಒಂದು ಕಾಯ್ದೆ ಬಂದಿತ್ತು. ಅದರಡಿಯಲ್ಲಿ ಪ್ರಕರಣಗಳು ವರ್ಷಗಟ್ಟಲೆ ಎಳೆದವು. ಅಷ್ಟರಲ್ಲಿ ಯಂತ್ರಗಳು ತುಕ್ಕು ಹಿಡಿದವು. ಅದರ ಬದಲು 2016ರಲ್ಲಿ ದಿವಾಳಿ ಸಂಹಿತೆ ಜಾರಿಗೆ ಬಂತು. ನ್ಯಾಯಮಂಡಳಿ ಅರ್ಜಿಯನ್ನು ಅಂಗೀಕರಿಸಿದ ದಿನದಿಂದ ವಸೂಲಿಯೆಲ್ಲ ನಿಲ್ಲುತ್ತದೆ. ಆಡಳಿತ ಹಳೆಯ ಮಾಲೀಕರ ಕೈತಪ್ಪಿ, ನೇಮಕಗೊಂಡ ತಜ್ಞರ ಕೈಗೆ ಹೋಗುತ್ತದೆ. ಹಣ ಸಾಲ ಕೊಟ್ಟ ಬ್ಯಾಂಕುಗಳು ಮುಂತಾದವರ ಸಮಿತಿ, ಕಂಪನಿಯನ್ನು ಕೊಂಡು ನಡೆಸುವವರ ಯೋಜನೆಯನ್ನು ಪರಿಶೀಲಿಸಿ, ಶೇ. 66ರಷ್ಟು ಮತದಿಂದ ಒಪ್ಪಬಹುದು. ಯೋಜನೆ ಸಿಗದಿದ್ದರೆ ಆಸ್ತಿಯನ್ನು ಮಾರಿ ಹಂಚುವುದೇ ಗತಿ.

ಇದರ ಹಿಂದೆ ವಿವೇಕವಿದೆ. ಕಾರ್ಖಾನೆ ಮುಗ್ಗರಿಸಿದೊಡನೆ ಒಬ್ಬ ಬಾಯ್ಲರನ್ನೂ ಇನ್ನೊಬ್ಬ ಮೋಟಾರನ್ನೂ ಬಿಚ್ಚಿಕೊಂಡು ಹೋದರೆ ಉಳಿಯುವುದು ಗುಜರಿ ಮಾತ್ರ. ನಡೆಯುವ ಕಾರ್ಖಾನೆಯ ಬೆಲೆ ಅದರ ಬಿಡಿಭಾಗಗಳ ಬೆಲೆಗಿಂತ ದೊಡ್ಡದು. ಹೀಗೆ ಬಿಟ್ಟುಕೊಟ್ಟ ಸಾಲ ಉದ್ಯಮವನ್ನು ಉಳಿಸಲಿಕ್ಕೇ ಹೊರತು ಮಾಲೀಕನಿಗೆ ಕೊಟ್ಟ ಬಹುಮಾನವಲ್ಲ. ಬಾಕಿ ಉಳಿಸಿಕೊಂಡ ಹಳೆಯ ಮಾಲೀಕ ಅದೇ ಕಂಪನಿಯನ್ನು ಅಗ್ಗದಲ್ಲಿ ಮರಳಿ ಕೊಳ್ಳದಂತೆ 2017ರ ನವೆಂಬರಿನಲ್ಲಿ ತಡೆ ಹಾಕಲಾಯಿತು. ಯೋಜನೆ ಮಂಜೂರಾದ ಮಾತ್ರಕ್ಕೆ ಸಾಲಕ್ಕೆ ಜಾಮೀನು ನಿಂತವರು ಬಿಡುಗಡೆ ಹೊಂದುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2021ರ ಮೇ 21ರಂದು ತೀರ್ಪಿತ್ತಿದೆ. ಆದ್ದರಿಂದ ತೀರಿಸಲಾಗದ ಸಾಲವನ್ನು ಕಡಿಮೆ ಮಾಡುವುದೇ ಅಧರ್ಮವೆಂದು ನನಗೆ ತೋರುವುದಿಲ್ಲ. ಆ ನಷ್ಟವನ್ನು ಯಾರು ಹೊರಬೇಕೆಂಬುದೇ ನಿಜವಾದ ಪ್ರಶ್ನೆ.

ಈ ಪ್ರಶ್ನೆ ನೇರವಾಗಿ ಎದ್ದದ್ದು ಗುಜರಾತಿನ ಹಜೀರಾದಲ್ಲಿ ಉಕ್ಕಿನ ಕಾರ್ಖಾನೆ ಹೊಂದಿದ್ದ ಎಸ್ಸಾರ್ ಸ್ಟೀಲ್ ಪ್ರಕರಣದಲ್ಲಿ. ಬ್ಯಾಂಕುಗಳು ಮುಂತಾದ ಹಣಕಾಸು ಸಾಲದವರ ಬೇಡಿಕೆ ಸುಮಾರು 49 ಸಾವಿರ ಕೋಟಿ ರೂ.; ಕೊಳ್ಳಲು ಬಂದ ಆರ್ಸೆಲರ್ ಮಿತ್ತಲ್ ಕೊಡಲೊಪ್ಪಿದ್ದು 42 ಸಾವಿರ ಕೋಟಿ. ಸರಕು, ಸೇವೆ ಕೊಟ್ಟು ಬಾಕಿ ಬರಬೇಕಾಗಿದ್ದವರು ಬೇರೆ. ಎಲ್ಲರಿಗೂ ಶೇ. 60.7ರಂತೆ ಸಮನಾಗಿ ಹಂಚಬೇಕೆಂದು ಮೇಲ್ಮನವಿ ನ್ಯಾಯಮಂಡಳಿ 2019ರ ಜುಲೈ 4ರಂದು ಆದೇಶಿಸಿತು. ನವೆಂಬರ್ 15ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಸಮಾನತೆ ಸಮಾನರ ನಡುವೆ ಮಾತ್ರ. ಆಸ್ತಿಯ ಭದ್ರತೆ ಪಡೆದು ಸಾಲ ಕೊಟ್ಟವರೂ ಭದ್ರತೆಯಿಲ್ಲದವರೂ ಒಂದೇ ಅಲ್ಲ. ಹಂಚಿಕೆ ಸಮಿತಿಯ ವ್ಯಾವಹಾರಿಕ ವಿವೇಕಕ್ಕೆ ಬಿಟ್ಟದ್ದು ಎಂಬುದು ಅದರ ಸಾರ.

ಈ ತೀರ್ಪನ್ನು ಹಗುರವಾಗಿ ಹಳಿಯುವಂತಿಲ್ಲ. ಬ್ಯಾಂಕಿನ ಹಣವೆಂದರೆ ಠೇವಣಿದಾರರ ಹಣ. ಮಗಳ ಮದುವೆಗೆಂದು ಕೂಡಿಟ್ಟ ರೈತ, ನಿವೃತ್ತ ಶಿಕ್ಷಕ ಇವರ ಗಂಟೇ ಅಲ್ಲಿರುವುದು. ಭದ್ರತೆಯ ಪತ್ರಕ್ಕೆ ಬೆಲೆಯಿಲ್ಲವೆಂದಾದರೆ ನಾಳೆ ಯಾರಿಗೂ ಸಾಲ ಹುಟ್ಟದು.

ಆದರೂ ಒಂದು ಮಾತು ಉಳಿಯುತ್ತದೆ. ಕಾನೂನು ಜನರ ವ್ಯತ್ಯಾಸವನ್ನು ಪತ್ರದಿಂದ ಅಳೆಯುತ್ತದೆ. ನೀತಿ ಅಳೆಯಬೇಕಾದದ್ದು, ಅಪಾಯವನ್ನು ತಿಳಿದು ಒಪ್ಪುವ ಅವಕಾಶ ಯಾರಿಗಿತ್ತು ಎಂಬುದರಿಂದ. ಬ್ಯಾಂಕು ಆಢಾವೆ ಪತ್ರಿಕೆ ನೋಡಿ, ಆಸ್ತಿ ಬರೆಸಿಕೊಂಡು, ಅಪಾಯಕ್ಕೆ ತಕ್ಕ ಬಡ್ಡಿ ಹಾಕಿ ಸಾಲ ಕೊಟ್ಟಿದೆ. ಕಬ್ಬು ಬೆಳೆದವನನ್ನು ನೋಡಿರಿ. ಕಡಿದ ಕಬ್ಬನ್ನು ಕಣಜದಲ್ಲಿ ಇಟ್ಟುಕೊಳ್ಳಲಾಗದು. ದಿನ ಕಳೆದಂತೆ ತೂಕವೂ ಸಕ್ಕರೆಯ ಅಂಶವೂ ಇಳಿಯುತ್ತವೆ. 14 ದಿನಗಳಲ್ಲಿ ಬಿಲ್ಲು ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶವಿದೆ. ಕಾರ್ಖಾನೆ ಕೊಡದೆ ನಿಲ್ಲಿಸಿದರೆ, ಆ ರೈತ ತಾನು ಬಯಸದೆಯೇ ಕಾರ್ಖಾನೆಗೆ ಸಾಲ ಕೊಟ್ಟವನಾಗುತ್ತಾನೆ. ಬಡ್ಡಿಯ ಕರಾರಿಲ್ಲ, ಅಡವಿಲ್ಲ.

ಖಾಸಗಿ ಕಂಪನಿಯ ಕಾರ್ಖಾನೆ ಈ ಸಂಹಿತೆಯಡಿ ಬಂದರೆ ಇವನಿಗೆ ಸಾಮಾನ್ಯವಾಗಿ ಸಮಿತಿಯಲ್ಲಿ ಮತವೂ ಇಲ್ಲ. ಆಸ್ತಿ ಮಾರಾಟವಾದರೆ ಪ್ರಕ್ರಿಯೆಯ ಖರ್ಚು ಮೊದಲು. ಬಳಿಕ ಕಾರ್ಮಿಕರ 24 ತಿಂಗಳ ಬಾಕಿ ಮತ್ತು ಭದ್ರತೆಯುಳ್ಳ ಸಾಲ ಜೊತೆಜೊತೆಗೆ. ಅನಂತರ ಇತರ ನೌಕರರ 12 ತಿಂಗಳ ವೇತನ, ಭದ್ರತೆಯಿಲ್ಲದ ಹಣಕಾಸು ಸಾಲ, ಸರ್ಕಾರದ ಬಾಕಿ. ಕಬ್ಬು ಕೊಟ್ಟವನು, ಚಾದರಕ್ಕೆ ನೂಲು ಕೊಟ್ಟವನು, ಲಾರಿ ಬಾಡಿಗೆಯವನು ಇವರ ಸರದಿ ಇದೆಲ್ಲದರ ಕೆಳಗೆ. ಅಷ್ಟರೊಳಗೆ ಗಂಟು ಬರಿದಾಗಿರುವುದೇ ಹೆಚ್ಚು.

ಕಾರ್ಮಿಕರ ವಿಷಯದಲ್ಲಿ ಕಾನೂನು ಒಂದು ಹೆಜ್ಜೆ ಮುಂದೆ ಹೋಗಿದೆ. ಭವಿಷ್ಯ ನಿಧಿ, ಪಿಂಚಣಿ, ಗ್ರಾಚ್ಯುಟಿ ನಿಧಿಗಳು ಹಂಚಿಕೆಯ ಆಸ್ತಿಗೆ ಸೇರುವುದೇ ಇಲ್ಲ. 2019ರ ಏಪ್ರಿಲಿನಲ್ಲಿ ಹಾರಾಟ ನಿಲ್ಲಿಸಿದ ಜೆಟ್ ಏರ್‌ವೇಸ್ ಪ್ರಕರಣದಲ್ಲಿ, ನೌಕರರ ಭವಿಷ್ಯ ನಿಧಿ ಮತ್ತು ಗ್ರಾಚ್ಯುಟಿಯನ್ನು ಹೊಸ ಮಾಲೀಕರು ಪೂರ್ತಿ ಕೊಡಬೇಕೆಂದು ಮೇಲ್ಮನವಿ ನ್ಯಾಯಮಂಡಳಿ 2022ರ ಅಕ್ಟೋಬರಿನಲ್ಲಿ ಹೇಳಿತು. 2023ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಅದರಲ್ಲಿ ಕೈಹಾಕಲಿಲ್ಲ. ಕಾಯಕದ ಫಲ ಮಾಲೀಕನ ಬಂಡವಾಳವಲ್ಲ ಎಂಬ ತತ್ವವೇ ಇದು. ಆದರೆ ತತ್ವ ಗೆದ್ದರೂ ಕಾಲ ಕಾಯಲಿಲ್ಲ. ಹೊಸ ಮಾಲೀಕರು ಒಪ್ಪಿದ ಷರತ್ತುಗಳನ್ನು ಪೂರೈಸದಿದ್ದುದರಿಂದ, 2024ರ ನವೆಂಬರ್ 7ರಂದು ಆ ಕಂಪನಿಯನ್ನು ಮುಚ್ಚಿ ಆಸ್ತಿ ಮಾರಲು ಸರ್ವೋಚ್ಚ ನ್ಯಾಯಾಲಯವೇ ಆದೇಶಿಸಬೇಕಾಯಿತು. ಐದೂವರೆ ವರ್ಷ ತಡವಾದ ನ್ಯಾಯದ ಭಾರ ಬಿದ್ದದ್ದು ಸಂಬಳ ನಿಂತ ಮನೆಗಳ ಮೇಲೆ.

ಈ ಸಾಲು ವಿಧಿಲಿಖಿತವೇನಲ್ಲ. ಮನೆಗೆಂದು ಮುಂಗಡ ಕೊಟ್ಟು ಕಾದವರಿಗೆ ಮೊದಲು ಸಮಿತಿಯಲ್ಲಿ ಸ್ಥಾನವಿರಲಿಲ್ಲ. 2018ರ ತಿದ್ದುಪಡಿ ಅವರನ್ನು ಹಣಕಾಸು ಸಾಲ ಕೊಟ್ಟವರೆಂದು ಪರಿಗಣಿಸಿತು. 2019ರ ಆಗಸ್ಟಿನಲ್ಲಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಮನೆ ಕೊಳ್ಳುವವರ ಕೂಗಿಗೆ ತೆರೆದ ಬಾಗಿಲು, ಬೆಳೆ ಕೊಟ್ಟು ಕಾಯುವವರಿಗೂ ತೆರೆಯಲೆಂದು ಕೇಳುವುದರಲ್ಲಿ ತಪ್ಪೇನಿದೆ?

ಇನ್ನು ನಮ್ಮ ನಡೆಯ ಮಾತು. ಅಂಗಡಿ, ಮಗ್ಗ, ಅಡತಿ ವ್ಯಾಪಾರ ನಡೆಸುವ ಬಂಧುಗಳು ನಮ್ಮಲ್ಲಿ ಬಹಳ. ಮುಳುಗುವ ಸೂಚನೆ ಕಂಡಾಗ ಅಳಿಯನ, ಬೀಗರ ಬಾಕಿಯನ್ನು ಗುಟ್ಟಾಗಿ ಮೊದಲು ತೀರಿಸಿ, ಪರರನ್ನು ಕೈಬಿಡುವ ಆಸೆ ಮನುಷ್ಯಸಹಜ. ಕಂಪನಿಗಳ ವಿಷಯದಲ್ಲಿ ಇಂಥದ್ದನ್ನು ಕಾನೂನು ಒಪ್ಪದು. ಸಂಬಂಧಿಕರಿಗೆ ಹಿಂದಿನ ಎರಡು ವರ್ಷಗಳಲ್ಲಿ, ಉಳಿದವರಿಗೆ ಒಂದು ವರ್ಷದಲ್ಲಿ ಮಾಡಿದ ಪಕ್ಷಪಾತದ ಸಂದಾಯವನ್ನು ನ್ಯಾಯಮಂಡಳಿ ರದ್ದುಮಾಡಬಹುದು. ಜೇಪೀ ಇನ್ಫ್ರಾಟೆಕ್ ಕಂಪನಿ ತನ್ನ ಮೂಲ ಕಂಪನಿಯ ಸಾಲಕ್ಕೆ ಅಡವಿಟ್ಟಿದ್ದ ಜಮೀನುಗಳ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯ 2020ರ ಫೆಬ್ರವರಿಯಲ್ಲಿ ಹೀಗೆಯೇ ತೀರ್ಮಾನಿಸಿತು. ಸಣ್ಣ ಅಂಗಡಿಯ ಖಾತೆಯನ್ನು ಹೀಗೆ ತೆಗೆದು ನೋಡುವವರು ವಿರಳ. ಅಲ್ಲಿ ನೋಡಬೇಕಾದವನು ಖಾತೆ ಬರೆಯುವವನೇ.

ವ್ಯಾಪಾರದಲ್ಲಿ ಸೋಲುವುದು ಅಪರಾಧವಲ್ಲ. ಸೋಲನ್ನು ಬಚ್ಚಿಟ್ಟು, ತಿಳಿಯದವನಿಂದ ಮತ್ತೊಂದು ಗಾಡಿ ಸರಕು ಉದ್ರಿ ತರುವುದು ಅಪರಾಧ. ಕೊಡಲಾಗದಿದ್ದರೆ ಎಲ್ಲ ಬಾಕಿದಾರರನ್ನೂ ಒಟ್ಟಿಗೆ ಕೂರಿಸಿ, ಕೀರ್ದಿ ಪುಸ್ತಕವನ್ನು ಅವರ ಮುಂದಿಟ್ಟು, ಕೂಲಿಯವರಿಂದ ಆರಂಭಿಸಿ ಇದ್ದುದನ್ನು ಹಂಚಿರಿ. ಕೈಯಲ್ಲಿ ಹಣ ಉಳಿಯದಿದ್ದರೂ, ಅದೇ ಪೇಟೆಯಲ್ಲಿ ಮತ್ತೊಮ್ಮೆ ತಕ್ಕಡಿ ಹಿಡಿದು ಕೂರುವ ಯೋಗ್ಯತೆ ಉಳಿಯುತ್ತದೆ.